ಮೇಯರ್ ಆದ ಮಗಳಿಗೆ ಒಂದು ಬೂ

ಹಾರ್ಗನ್ ಫಾಲ್ಸ್ ಊರಿನಲ್ಲಿ ಎಮಿಲ್ ಗೈಡೋಸ್‌ನ 'ಬೂ' ಅನ್ನೋ ಛೀಮಾರಿ ತಿನ್ನದ ಮೇಯರ್ ಇಲ್ಲ. ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೆರಡು ವರ್ಷ ಯಂತ್ರಗಳ ಸದ್ದು ಮೀರಿಸಿ ಕೂಗಿ ಕೂಗಿ ಪಳಗಿದ ಗಂಟಲು ಅದು. ಪ್ರತಿ ಏಪ್ರಿಲ್‌ನಲ್ಲಿ ಊರಿನ ಬೇಸ್‌ಬಾಲ್ ತಂಡದ ಮೊದಲ ಪಂದ್ಯಕ್ಕೆ ಮೊದಲ ಚೆಂಡು ಎಸೆಯೋದು ಮೇಯರ್. ಆತ ಮೈದಾನಕ್ಕೆ ಕಾಲಿಟ್ಟನೋ ಇಲ್ಲವೋ, ಒಂಬತ್ತನೇ ಸಾಲಿನಲ್ಲಿ ಎಮಿಲ್ ಎದ್ದು ನಿಂತು, ಎರಡೂ ಕೈ ಬಾಯಿಗೆ ಒಡ್ಡಿ ಶುರು ಹಚ್ಚುತ್ತಿದ್ದ. ಅವನದಾದ ಮೇಲೇ ಉಳಿದವರದು. ಪಕ್ಷ ಗಿಕ್ಷ ನೋಡಿದವನಲ್ಲ. ತಾನೇ ಓಟು ಹಾಕಿ ಗೆಲ್ಲಿಸಿದವರನ್ನೂ ಬಿಟ್ಟಿರಲಿಲ್ಲ.

ಈ ವರ್ಷದ ಮೇಯರ್ ಅವನ ಮಗಳು, ಪೌಲಾ. ಈಗ ಬಂತು ನೋಡಿ ಪೀಕಲಾಟ!

ಬರೀ ಮಗಳು ಅನ್ನೋದಷ್ಟೇ ಆಗಿದ್ದರೆ ಚಪ್ಪಾಳೆ ತಟ್ಟಿ ಕೂರಬಹುದಿತ್ತು. ಆದರೆ ಫೆಬ್ರವರಿಯಲ್ಲಿ ಅವಳು ಎಮಿಲ್‌ನ ಬೀದಿಯ ಫೈರ್ ಸ್ಟೇಷನ್ ಮುಚ್ಚಿಸಿದ್ದಳು. ಆಂಬುಲೆನ್ಸ್ ನಿಲ್ಲುತ್ತಿದ್ದುದೂ ಅಲ್ಲೇ. ಅವನ ಹೆಂಡತಿ ಐರೀನ್‌ಗೆ ಎದೆನೋವು ಬಂದಾಗ ನಾಲ್ಕೇ ನಿಮಿಷದಲ್ಲಿ ಓಡಿ ಬಂದು ಮಹಡಿಯಿಂದ ಎತ್ತಿ ಇಳಿಸಿದವರು ಆ ಸ್ಟೇಷನ್ನಿನವರು. ಆಮೇಲೆ ಅವಳು ಆರು ವರ್ಷ ಬದುಕಿದಳು. ಈಗ ಗಾಡಿ ನದಿ ದಾಟಿ ಬರಬೇಕು. ಎಮಿಲ್‌ಗೆ ಮೈಯೆಲ್ಲ ಉರಿ. ಆದರೂ ಪ್ರತಿ ಭಾನುವಾರ ಮಗಳ ಮನೆಗೆ ಹೋಗಿ, ಅವಳು ಮಾಡಿದ ಕೋಸಿನೆಲೆಯ ಮಾಂಸದ ಸುರುಳಿ ತಿಂದು, ಆ ವಿಷಯಕ್ಕೆ ತುಟಿ ಪಿಟಕ್ಕೆನ್ನದೆ ವಾಪಸ್ಸು ಬರುತ್ತಿದ್ದ. ಅಷ್ಟೊಂದು ಮೇಯರ್‌ಗಳ ನೀರಿಳಿಸಿದ ಗಂಡಸು ಮಗಳ ಎದುರು ಮೂಕ! ಯಾಕೆ ಅಂತ ಅವನಿಗೇ ಗೊತ್ತಿರಲಿಲ್ಲ.

ಪಂದ್ಯದ ಹಿಂದಿನ ವಾರ ಪೌಲಾ ಚೆಂಡು ಹಿಡಿದು ಅವನ ಹಿತ್ತಲಿಗೆ ಬಂದಿದ್ದಳು.

"ಚೆಂಡು ನೆಲಕ್ಕೆ ಬಿದ್ರೆ ಜನ ನನ್ನ ಮಾನ ತೆಗೀತಾರೆ ಅಪ್ಪ, ಹೇಳ್ಕೊಡು" ಅಂದಳು. ನಾಲ್ಕು ಸಲ ಎಸೆದು, "ಅವತ್ತು ನೀನು ಎದ್ದು ನಿಲ್ತೀಯಾ?" ಅಂತ ಕೇಳಿದಳು.

"ಮೊಣಕೈ! ಮೊಣಕೈ ಮೇಲೆತ್ತೇ!" ಅಂದ ಎಮಿಲ್. ಅದೇ ಅವನ ಉತ್ತರ.

ಪಂದ್ಯದ ಮಧ್ಯಾಹ್ನ ಮುಂದಿನ ಸಾಲಿನವರೆಲ್ಲ ಕತ್ತು ತಿರುಗಿಸಿ ಅವನನ್ನೇ ನೋಡುತ್ತಿದ್ದರು. ಪಕ್ಕದಲ್ಲಿ ಕಾರ್ಖಾನೆಯ ಹಳೇ ಗೆಳೆಯ ಓಟಿಸ್, ಕಡಲೆಕಾಯಿ ಸುಲಿಯುತ್ತಾ.

"ಏನ್ ಮಾಡ್ತೀಯೋ ಇವತ್ತು?"

"ಗೊತ್ತಿಲ್ಲ ಕಣೋ."

"ನಿನ್ನ ಬಾಯಿ, ನಿನಗೇ ಗೊತ್ತಿಲ್ವಾ?"

"ಇಲ್ಲ ಅಂದ್ನಲ್ಲ, ಸುಮ್ನಿರು ಮಾರಾಯ!"

ಪೌಲಾ ಬಂದಳು. ಮೊಣಕೈ ಎತ್ತಿದಳು, ಎಸೆದಳು. ಚೆಂಡು ನೇರ ಹೋಗಿ ಕ್ಯಾಚರ್‌ನ ಗ್ಲೌಸಿಗೆ ಟಪ್ ಅಂತ ಬಿತ್ತು. ಎಮಿಲ್ ಚಂಗನೆ ಎದ್ದ. ಕೈಗಳು ತಾವಾಗಿಯೇ ಬಾಯಿಗೆ ಹೋದವು. ಭಲೇ ಮಗಳೇ ಅನ್ನಬೇಕೋ, ಬೂ ಅನ್ನಬೇಕೋ? ಗಂಟಲಲ್ಲಿ ಎರಡೂ ಒಟ್ಟಿಗೆ ನುಗ್ಗಿ ಯಾವುದೂ ಹೊರಗೆ ಬರಲಿಲ್ಲ. ಸುಮ್ಮನೆ ಕಿವಿ ಕೆರೆದುಕೊಂಡು ಕೂತ. ಜನ ಇನ್ನೆಷ್ಟು ಹೊತ್ತು ಕಾಯ್ತಾರೆ? ತಾವೇ ಶುರು ಮಾಡಿದರು. ಮೈದಾನಕ್ಕೆ ಮೈದಾನವೇ "ಬೂ" ಅಂತು. ಎಲ್ಲರ ಬಾಯಿಗೂ ಬೀಗ ಜಡಿಯಬೇಕು ಅನಿಸಿತು ಅವನಿಗೆ. ಅವರು ಹೇಳೋದು ಸರಿ ಅಂತಲೂ ಅನಿಸಿತು.

ಮೂರನೇ ಇನ್ನಿಂಗ್ಸ್‌ಗೆ ಪೌಲಾ ಮೆಟ್ಟಿಲು ಹತ್ತಿ ಬಂದು ಅವನ ಪಕ್ಕ ಕೂತಳು. ಕಣ್ಣು ಕೆಂಪಗಿತ್ತು.

"ಮೂರು ಸಾವಿರ ಜನ ಕೂಗಿದ್ರು ಅಪ್ಪ."

"ಕೇಳಿಸ್ತು. ಕತ್ತೆಗಳು."

"ನಿನ್ನದೊಂದೇ ಕೇಳಿಸಲಿಲ್ಲ."

"ನೀನು ನನ್ನ ಮಗಳು ಕಣೇ!"

"ಕಸದ ಗಾಡಿ ತಡ ಆಯ್ತು ಅಂತ ಹಿಂದಿನ ಮೇಯರ್‌ಗೆ ಬೂ ಅಂದವನು ನೀನು. ನಾನು ಅಮ್ಮನನ್ನ ಉಳಿಸಿದ ಸ್ಟೇಷನ್ನೇ ಮುಚ್ಚಿದೆ. ಎರಡು ತಿಂಗಳಿಂದ ಉಪ್ಪು ಕೊಡು, ನೀರು ಕೊಡು, ಅಷ್ಟೇ ನಿನ್ನ ಮಾತು. ನನ್ನ ಮೇಲೆ ಸಿಟ್ಟು ಮಾಡ್ಕೊಳ್ಳೋಕೂ ನಾನು ಲಾಯಕ್ಕಿಲ್ವಾ?"

ಎಮಿಲ್ ಎದ್ದು ನಿಂತ. ಆಟ ನಡೀತಿದೆ ಅನ್ನೋದೂ ಮರೆತು, ಎರಡೂ ಕೈ ಬಾಯಿಗೆ ಒಡ್ಡಿ, ಮಗಳ ಮುಖಕ್ಕೇ ತಿರುಗಿ, ಉಸಿರು ಮುಗಿಯುವ ತನಕ "ಬೂ" ಎಂದ. ಬ್ಯಾಟ್ ಹಿಡಿದವನೂ ತಿರುಗಿ ನೋಡಿದ.

ಕಾವಲಿನವನು, ಕೆಲಸಕ್ಕೆ ಹೊಸಬ, ಏದುಸಿರು ಬಿಡುತ್ತಾ ಓಡಿ ಬಂದ. "ಯಜಮಾನ್ರೇ, ಮೇಯರ್ ಮೇಡಂಗೆ ಹಾಗೆಲ್ಲ ಅನ್ನೋ ಹಾಗಿಲ್ಲ. ನಡೀರಿ ಹೊರಗೆ."

"ಅವರನ್ನ ಮುಟ್ಟಬೇಡಪ್ಪ" ಅಂದಳು ಪೌಲಾ. "ಮೇಯರ್‌ಗೆ ಬೂ ಅನ್ನೋಕೆ ಈ ಊರಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ." ಆಮೇಲೆ ಎಮಿಲ್‌ನ ತೋಳು ಹಿಡಿದು ಕೂರಿಸಿದಳು. "ಈಗ ಹೇಳು ಅಪ್ಪ."

"ನಾಲ್ಕೇ ನಿಮಿಷ ಕಣೇ" ಅಂದ ಎಮಿಲ್, ಧ್ವನಿ ಒಡೆದು. "ನಾಲ್ಕು ನಿಮಿಷಕ್ಕೆ ಬಂದಿದ್ರು."

"ಆ ಕಟ್ಟಡದ ಛಾವಣಿ ಕುಸೀತಾ ಇತ್ತು ಅಪ್ಪ."

"ರಿಪೇರಿ ಮಾಡಿಸಬೇಕಿತ್ತು!"

"ಹೇಗೆ ಮಾಡಿಸಲಿ, ಹೇಳು ನೋಡೋಣ!"

ಒಂಬತ್ತನೇ, ಅಂದರೆ ಕೊನೆಯ, ಇನ್ನಿಂಗ್ಸ್ ಮುಗಿದು ಜನ ಎದ್ದು ಹೊರಟಾಗಲೂ ಇಬ್ಬರೂ ಜೋರು ಜಗಳದಲ್ಲಿದ್ದರು. ಪಂದ್ಯ ಯಾರು ಗೆದ್ದರು ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಐರೀನ್ ಹೋದ ಮೇಲೆ ಅಪ್ಪ ಮಗಳು ಅಷ್ಟು ಹೊತ್ತು ಮಾತಾಡಿದ್ದು ಅದೇ ಮೊದಲು.