ಅಟ್ಟದ ಮೇಲಿನ ಎಸ್‌ಎಂಪಿಎಸ್

ದೊಡ್ಡಬಳ್ಳಾಪುರದ ಮಗ್ಗದವರಿಗೆ ಸೀರೆಯ ಅಂಚು, ಸೆರಗಿನ ಡಿಸೈನ್ ಬೇಕೆಂದರೆ ಮೊದಲು ನೆನಪಾಗುತ್ತಿದ್ದವಳು ಶಶಿರೇಖಾ. ಕಂಪ್ಯೂಟರಿನಲ್ಲಿ ಡಿಸೈನ್ ಬಿಡಿಸುವುದನ್ನು ಚಂದನಳಿಗೆ ಕಲಿಸಿದವಳೂ ಅವಳೇ. ಈಚೆಗೆ ಮಗ್ಗದವರೆಲ್ಲ ಇವಳ ಮನೆ ದಾಟಿಕೊಂಡು ಚಂದನಳ ಬಾಗಿಲಿಗೆ ಹೋಗುತ್ತಿದ್ದರು. ಚಂದನ ಎದುರು ಸಿಕ್ಕಾಗ ನಗುವುದಕ್ಕೂ ಶಶಿರೇಖಾ ಕಷ್ಟಪಡಬೇಕಾಗಿತ್ತು.

ಆಷಾಢದ ಒಂದು ಬೆಳಗ್ಗೆ ಚಂದನ ಓಡಿಬಂದಳು.

"ಅಕ್ಕಾ, ಕಂಪ್ಯೂಟರ್ ಆನ್ ಆಗ್ತಾನೇ ಇಲ್ಲ. ಎಸ್‌ಎಂಪಿಎಸ್ ಹೋಗಿದ್ಯಂತೆ. ಅಂಗಡೀಲಿ ಸಿಗೋದು ಇದಕ್ಕೆ ಕೂರಲ್ಲ, ಪಿನ್ನೇ ಬೇರೆ. ಆ ಕಂಪನಿದೇ ಬೇಕಂತೆ, ಅದೀಗ ಬರ್ತಾನೇ ಇಲ್ಲ. ನಿಮ್ಮ ಹಳೇದು ಅಟ್ಟದ ಮೇಲಿತ್ತಲ್ಲ?"

ಯಾವುದೋ ಆಫೀಸು ಹಳೆಯ ಕಂಪ್ಯೂಟರುಗಳನ್ನು ಹರಾಜು ಹಾಕಿದಾಗ ಇಬ್ಬರೂ ಜೊತೆಯಾಗಿ ಹೋಗಿ ಒಂದೇ ಥರದವನ್ನು ತಂದಿದ್ದರು. ಶಶಿರೇಖಾಳದ್ದು ಬೋರ್ಡು ಸುಟ್ಟು ಅಟ್ಟ ಸೇರಿತ್ತು, ಅವಳೀಗ ಬೇರೆಯದರಲ್ಲಿ ಕೆಲಸ ಮಾಡುತ್ತಿದ್ದಳು. ಹಳೆಯದಕ್ಕೆ ಕರೆಂಟು ಕೊಡುವ ಎಸ್‌ಎಂಪಿಎಸ್ ಪೆಟ್ಟಿಗೆ ಮಾತ್ರ ಚೆನ್ನಾಗಿಯೇ ಇತ್ತು.

"ಅದನ್ನ ಗುಜರಿಗೆ ಹಾಕ್ಬಿಟ್ಟೆ ಕಣೇ," ಎಂದಳು ಶಶಿರೇಖಾ.

ಚಂದನ ಕಂಪ್ಯೂಟರ್ ಬಿಡಿಭಾಗಗಳ ಅಂಗಡಿಗಳಿರುವ ಬೆಂಗಳೂರಿನ ಎಸ್.ಪಿ. ರಸ್ತೆಯನ್ನೆಲ್ಲ ಅಲೆದು ಬರಿಗೈಯಲ್ಲಿ ಬಂದಳೆಂದು ಕೇಳಿದ ದಿನ ಶಶಿರೇಖಾಳಿಗೆ ಊಟ ರುಚಿಸಿತು. ಮರುದಿನ ಮಗ್ಗದ ಯಜಮಾನರಾದ ಆದಿನಾರಾಯಣಪ್ಪ ತಾವಾಗಿಯೇ ಮನೆಗೆ ಬಂದರು.

"ಏನಮ್ಮಾ ಶಶಿರೇಖಾ, ಸೆರಗಿನ ಡಿಸೈನು ಚಂದನ ಅರ್ಧ ಮಾಡವ್ಳೆ, ಮಿಕ್ಕಿದ್ದು ನೀನು ಮುಗಿಸ್ಕೊಡು. ಮೊದ್ಲೇ ಪೆನ್‌ಡ್ರೈವ್‌ಗೆ ಹಾಕಿಟ್ಟಿದ್ಲಂತೆ, ಅವಳೇ ಕೊಟ್ಲು. ಅಕ್ಕ ಚೆನ್ನಾಗಿ ಮಾಡ್ತಾರೆ ಅಂದ್ಲು."

ಆ ಮಾತು ಮುಳ್ಳಿನಂತೆ ಚುಚ್ಚಿತು. ಡಿಸೈನ್ ತೆರೆದು ನೋಡಿದ ಮೇಲೆ ಇನ್ನಷ್ಟು. ಸೆರಗಿನ ತುಂಬ ಗಿಳಿಗಳ ಸಾಲು, ಒಂದೊಂದೂ ಒಂದೊಂದು ಕಡೆ ಕತ್ತು ತಿರುಗಿಸಿತ್ತು. ಇದು ಅವಳು ಕಲಿಸಿದ್ದಲ್ಲ. ಮಧ್ಯಾಹ್ನದವರೆಗೆ ಕೂತು ಒಂದು ಗಿಳಿ ಬಿಡಿಸಿದಳು, ಅಳಿಸಿದಳು, ಮತ್ತೆ ಬಿಡಿಸಿದಳು. ಚಂದನಳ ಗಿಳಿಗಳ ನಡುವೆ ಅದು ಮಣ್ಣಿನ ಗೊಂಬೆಯಂತೆ ಕೂತಿತ್ತು. ಹೀಗೇ ನೇಯ್ದರೆ ಯಾವುದು ಯಾರದ್ದೆಂದು ಕಣ್ಣಿದ್ದವರಿಗೆಲ್ಲ ತಿಳಿಯುತ್ತದೆ.

ಕೊನೆಗೆ ಎದ್ದು ಅಟ್ಟ ಹತ್ತಿದಳು. ಧೂಳು ಒರೆಸಿ, ಸ್ಕ್ರೂ ಬಿಚ್ಚಿ, ವೈರುಗಳ ಸಮೇತ ಪೆಟ್ಟಿಗೆಯನ್ನು ಹಳೆಯ ಟವಲಿನಲ್ಲಿ ಸುತ್ತಿಕೊಂಡು ಚಂದನಳ ಮನೆಗೆ ನಡೆದಳು.

ಚಂದನ ಪೆಟ್ಟಿಗೆ ನೋಡಿದಳು, ಆಮೇಲೆ ಅವಳ ಮುಖ ನೋಡಿದಳು.

"ಗುಜರಿಗೆ ಹಾಕ್ದೆ ಅಂದ್ರಲ್ಲಕ್ಕಾ?"

"ಸುಳ್ಳು ಹೇಳ್ದೆ. ನಿನ್ನ ಕಂಡ್ರೆ ಹೊಟ್ಟೆ ಉರೀತದೆ, ಏನ್ ಮಾಡ್ಲಿ?"

ಚಂದನಳ ಕಣ್ಣು ತುಂಬಿತು. "ಅಂಗಡಿ ಅಂಗಡಿ ಸುತ್ತಿ, ಬಸ್ಸಲ್ಲಿ ನಿಂತ್ಕೊಂಡೇ ವಾಪಸ್ ಬಂದೆ ಅಕ್ಕಾ," ಎಂದಳು, ಅಷ್ಟೇ.

ಇಬ್ಬರೂ ನೆಲದ ಮೇಲೆ ಕೂತು, ಕೆಟ್ಟದ್ದನ್ನು ತೆಗೆದು ಇದನ್ನು ಕೂರಿಸಿದರು. ಪಿನ್ನುಗಳು ಸಲೀಸಾಗಿ ಕಚ್ಚಿಕೊಂಡವು. ಫ್ಯಾನ್ ತಿರುಗಿತು, ಪರದೆ ಬೆಳಗಿತು. ಚಂದನ ಅಲ್ಲೇ ಗಿಳಿಯೊಂದನ್ನು ಬಿಡಿಸತೊಡಗಿದಳು. ಎಷ್ಟು ಸುಲಭವಾಗಿ! ಶಶಿರೇಖಾಳ ಎದೆಯೊಳಗೆ ಮತ್ತೆ ಬೆಂಕಿ ಬಿತ್ತು. ಎದ್ದು ಹೋಗಬೇಕೆನ್ನಿಸಿತು. ಹೋಗಲಿಲ್ಲ.

"ಆ ಕತ್ತು ಹೆಂಗೆ ತಿರುಗಿಸ್ದೆ? ಇನ್ನೊಂದ್ಸಲ ತೋರ್ಸು," ಎಂದಳು.

ಚಂದನ ಬಿಡಿಸಿದ್ದನ್ನು ಅಳಿಸಿ, ನಿಧಾನವಾಗಿ ಮೊದಲಿನಿಂದ ಶುರು ಮಾಡಿದಳು.