ಗೋಣು ಹಾಕಿದಳೆಂಬ ಮಾತು

ಬೀರಣ್ಣನ ಮೈಗೆ ಗೌಸಮೊಹಿದ್ದೀನನ ಹೆಸರಿನ ರಕ್ತ ಏರಿಸಿದರು. ಇಬ್ಬರ ರಕ್ತದ ಗುಂಪು ಬೇರೆ. ಬೀರಣ್ಣನ ಎರಡೂ ಕಿಡ್ನಿ ಕೆಟ್ಟವು.

ಇದು ನಡೆದದ್ದು ಆಳಂದದ ಒಂದು ಖಾಸಗಿ ದವಾಖಾನೆಯಲ್ಲಿ. ಸರಸಂಬಾದ ಬೀರಣ್ಣ ತೊಗರಿ ರಾಶಿ ಮಷೀನಿನ ಮೇಲಿಂದ ಬಿದ್ದು ತೊಡೆ ಮುರಿದುಕೊಂಡು ಬಂದಿದ್ದ. ರಾಡು ಕೂರಿಸಿದ ಮೇಲೆ ರಕ್ತ ಬೇಕೆಂದರು. ಪಕ್ಕದ ಮಂಚದ ಗೌಸಮೊಹಿದ್ದೀನ ಬೈಕಿನಿಂದ ಬಿದ್ದವನು, ಅವನಿಗೂ ರಕ್ತ ಬೇಕಿತ್ತು. ಕಲಬುರಗಿಯಿಂದ ಎರಡೂ ಚೀಲ ಒಂದೇ ಡಬ್ಬಿಯಲ್ಲಿ ಬಂದವು.

ನರ್ಸ್ ವಿಜಯಶ್ರೀ ಚೀಲ ಹಿಡಿದು ಬಂದಾಗ ಬೀರಣ್ಣನಿಗೆ ಮಂಪರು ಇಳಿದಿರಲಿಲ್ಲ. ಅವನ ತಮ್ಮ ಸಿದ್ದರಾಮೇಶ ಚಹಾ ತರಲು ಹೋಗಿದ್ದ. ಹತ್ತಿರವಿದ್ದವಳು ಹೆಂಡತಿ ಹಣಮವ್ವ ಒಬ್ಬಳೇ. ಪೇಶೆಂಟಿನ ಹೆಸರೇನೆಂದು ನರ್ಸ್ ಕೇಳಿದಳು. ಹಣಮವ್ವ ಸೆರಗು ಎಳೆದುಕೊಂಡು ತಲೆ ತಗ್ಗಿಸಿದಳು. ಅವಳ ಮನೆತನದಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ರೇಷನ್ ಅಂಗಡಿಯಾಗಲಿ, ಬ್ಯಾಂಕಾಗಲಿ, ಪಕ್ಕದಲ್ಲಿ ನಿಂತವರು ಯಾರಾದರೂ ಹೇಳುತ್ತಾರೆ. ಯಾರೂ ಇಲ್ಲದಿದ್ದರೆ ಅವಳು ಕಾಯುತ್ತಾಳೆ. ಅವತ್ತೂ ಮೈದುನ ಬಂದಾನೆಂದು ಬಾಗಿಲ ಕಡೆ ನೋಡಿದಳು. ನರ್ಸ್ ಕಾಯಲಿಲ್ಲ. ಬೀರಣ್ಣನ ಮುಂಗೈಗೆ ಕಟ್ಟಿದ ಪಟ್ಟಿಯನ್ನು ನೋಡಲಿಲ್ಲ, ಚೀಲದ ಮೇಲಿನ ಹೆಸರನ್ನು ಬಾಯಿಬಿಟ್ಟು ಓದಲಿಲ್ಲ. ಇಡೀ ವಾರ್ಡಿಗೆ ಅವಳೊಬ್ಬಳೇ. ಆಚೆ ಕೋಣೆಯಿಂದ ಯಾರೋ ಕೂಗುತ್ತಿದ್ದರು. ಚೀಲ ತೂಗುಹಾಕಿ ಓಡಿದಳು.

ಬೀರಣ್ಣ ಮಂಚ ಅಲುಗುವಂತೆ ನಡುಗಿದ. ಉಚ್ಚೆ ಕರಿ ಚಹಾದಂತೆ ಬಂತು. ಆಮೇಲೆ ಅದೂ ನಿಂತಿತು.

ಈಗ ರಕ್ತ ತೊಳೆಯುವ ಮಷೀನಿಗೆ ಹಾಕದಿದ್ದರೆ ಅವನು ಉಳಿಯುವುದಿಲ್ಲ. ಸರ್ಕಾರಿ ದವಾಖಾನೆಯ ಮಷೀನಿಗೆ ಪಾಳಿ ಹಚ್ಚಿದ್ದಾರೆ. ಬೀರಣ್ಣನ ಸರದಿ ಬರಬೇಕೆಂದರೆ ಮುಂದಿನವರಲ್ಲಿ ಯಾರಾದರೂ ಸಾಯಬೇಕು. ಕಲಬುರಗಿಯಲ್ಲೂ ಅದೇ ಮಾತು. ಹೀಗಾಗಿ ಅವನ ಕಿಡ್ನಿ ಕೆಡಿಸಿದ ದವಾಖಾನೆಯ ಮಷೀನೇ ಅವನನ್ನು ಬದುಕಿಸಿದೆ. ವಾರಕ್ಕೆರಡು ಸಲ ಹಣಮವ್ವ ಗಂಡನನ್ನು ಟಂಟಂ ಆಟೋದಲ್ಲಿ ಮಲಗಿಸಿಕೊಂಡು ಅದೇ ಬಾಗಿಲಿಗೆ ಬರುತ್ತಾಳೆ, ಅದೇ ಜನರಿಗೆ ಕೈ ಮುಗಿಯುತ್ತಾಳೆ.

ಗೌಸಮೊಹಿದ್ದೀನ ಸುಮ್ಮನಿರಲಿಲ್ಲ. ತನಗೆ ತಂದ ರಕ್ತ ಎಲ್ಲಿ ಹೋಯಿತೆಂದು ಕೇಳಿ, ಉತ್ತರ ಸಿಗದೆ, ಜಿಲ್ಲಾ ಆರೋಗ್ಯ ಕಚೇರಿಗೆ ದೂರು ಕೊಟ್ಟ. ತನಿಖೆಗೆ ಒಬ್ಬ ಡಾಕ್ಟರಮ್ಮ ಬರುತ್ತಾರೆಂದು ಸುದ್ದಿಯಾಯಿತು.

ದವಾಖಾನೆಯ ಮಾಲೀಕ ಡಾಕ್ಟರ್ ಮಹೇಶಕುಮಾರ. ಅವನ ಕಾಕಾ ದೌಲತರಾಯ ಅಲ್ಲಿಯ ಆಡಳಿತ ನೋಡುವವನು. ಈ ದೌಲತರಾಯ ಹಣಮವ್ವನನ್ನು ತನ್ನ ಕೋಣೆಗೆ ಕರೆಸಿ ಕುರ್ಚಿ ಕೊಟ್ಟ. ಆ ದವಾಖಾನೆಯಲ್ಲಿ ಅವಳಿಗೆ ಯಾರಾದರೂ ಕುರ್ಚಿ ಕೊಟ್ಟದ್ದು ಅದೇ ಮೊದಲು. ನರ್ಸ್ ಹೆಸರು ಓದಿ ಹೇಳಿದ್ದಳು, ನೀನು ಹೌದೆಂದು ಗೋಣು ಹಾಕಿದ್ದಿ, ತನಿಖೆಯವರ ಮುಂದೆ ಅಷ್ಟೇ ಹೇಳು ಎಂದ. ಹಾಗೆ ಹೇಳಿದರೆ ನಿನ್ನ ಗಂಡನಿಗೆ ಮಷೀನು ಪುಕ್ಕಟೆ ಇರುತ್ತದೆ, ಯಾರೂ ಅಡ್ಡ ಬರುವುದಿಲ್ಲ ಎಂದ.

"ಏನಂತ ಓದಿದ್ಲಂತ್ರಿ?" ಎಂದು ಕೇಳಿದಳು ಹಣಮವ್ವ.

"ಗೌಸಮೊಹಿದ್ದೀನ ಅಂತ."

"ಅಂದ್ರ ನನ್ನ ಗಂಡ ಗೌಸಮೊಹಿದ್ದೀನ ಅಂತ ನಾ ಗೋಣು ಹಾಕೇನೇನ್ರಿ, ಸಾವ್ಕಾರ್ರ?"

ದೌಲತರಾಯ ನಕ್ಕ. "ಓದು ಬರದ ಹೆಣ್ಮಗಳು, ಅಂಜಿ ಗೋಣು ಹಾಕಿದ್ಲು ಅಂದ್ರ ಎಲ್ಲಾರೂ ನಂಬ್ತಾರಬೇ. ನಿಮ್ಮಂಥವ್ರು ಎದಕ್ಕ ಗೋಣು ಹಾಕಂಗಿಲ್ಲ ಹೇಳು?"

ಅಲ್ಲಿಂದ ಎದ್ದು ಬಂದವಳಿಗೆ ನಿದ್ದೆ ಹತ್ತಲಿಲ್ಲ. ನಾನು ತಲೆ ತಗ್ಗಿಸಿದ್ದು ಆ ನರ್ಸಿಗೆ ಹೌದು ಅಂದಂತೆ ಕಂಡಿತೇ? ಆ ಒಂದು ಹೆಸರು ಅಂದುಬಿಟ್ಟಿದ್ದರೆ? ಅತ್ತೆ ಮಾತು ಬಿಟ್ಟಿದ್ದಳು. ಗಂಡನ ಹೆಸರು ನುಂಗಿ ಗಂಡನನ್ನೂ ನುಂಗಿದಳೆಂದು ಓಣಿಯವರು ಆಡಿಕೊಂಡರು. ಆಡುವವರ ಮನೆಗಳಲ್ಲಿ ಯಾವ ಹೆಂಗಸೂ ಗಂಡನ ಹೆಸರು ಹೇಳಿದವಳಲ್ಲ. ಹೆಸರು ಅಂದವಳನ್ನು ಬಾಯಿಬಡಕಿ ಅನ್ನುವ ಜನ, ಅನ್ನದವಳನ್ನು ಕೊಲೆಗಡುಕಿ ಅಂದರು. ಮುಂಗೈ ಪಟ್ಟಿ ನೋಡದವರನ್ನು, ವಾರ್ಡಿಗೆ ಒಬ್ಬಳೇ ನರ್ಸ್ ಇಟ್ಟು ಉಳಿತಾಯ ಮಾಡಿದವರನ್ನು ಯಾರೂ ಏನೂ ಅನ್ನಲಿಲ್ಲ.

ಎಲ್ಲಕ್ಕಿಂತ ಕಠಿಣವಾದದ್ದು ಬೀರಣ್ಣನ ಮಾತು. ಊದಿದ ಮುಖದ ಅವನು ಗೋಡೆ ನೋಡುತ್ತ ಅಂದ: "ಹೂಂ ಅಂದಬಿಡು. ನಿಂದೇನ್ ಹೋಗ್ತದ? ನಂಗ ಸಾಯಾಕ ಮನಸಿಲ್ಲ."

ಅವಳು ಅವನ ಹೊದಿಕೆ ಸರಿಮಾಡಿ ಎದ್ದಳು.

ತನಿಖೆಯ ದಿನ ಡಾಕ್ಟರಮ್ಮ ನೇರ ಮಷೀನಿನ ಕೋಣೆಗೇ ಬಂದರು. ಬೀರಣ್ಣನ ರಕ್ತ ನಳಿಕೆಯಲ್ಲಿ ಹೊರಗೆ ಹೋಗಿ ಒಳಗೆ ಬರುತ್ತಿತ್ತು. ದೌಲತರಾಯ ಮಷೀನಿನ ಪಕ್ಕ ನಿಂತು ಅದರ ಮೇಲೆ ಕೈ ಊರಿದ್ದ. ಬಾಗಿಲಲ್ಲಿ ಸಿದ್ದರಾಮೇಶ. ಹಣಮವ್ವ ಮಂಚದ ಮಗ್ಗುಲಲ್ಲಿ ಗೋಡೆಗೆ ಒತ್ತಿ ನಿಂತಿದ್ದಳು. ಆಚೆ ಈಚೆ ಸರಿಯಲು ಜಾಗವಿರಲಿಲ್ಲ.

ನರ್ಸ್ ಚೀಲದ ಹೆಸರು ಓದಿದಳೇ, ನೀವು ಹೌದು ಎಂದಿರೇ ಎಂದು ಡಾಕ್ಟರಮ್ಮ ಕೇಳಿದರು.

"ಆಕಿ ಮಾತಾಡೂದು ಕಡಿಮಿ ಮೇಡಂ," ಎಂದ ದೌಲತರಾಯ. "ಹಣಮವ್ವ, ಬಾಯಿ ಬಿಚ್ಚೂದು ಬ್ಯಾಡ. ಬರೇ ಗೋಣು ಹಾಕು."

ಬೀರಣ್ಣ ಕಣ್ಣು ಮುಚ್ಚಿದ.

ಹಣಮವ್ವ ಡಾಕ್ಟರಮ್ಮನ ಕಡೆ ತಿರುಗಿದಳು. "ಓದಲಿಲ್ರಿ," ಎಂದಳು. "ಹೆಸರೇನಂತ ಕೇಳಿದ್ಲು, ನಾ ತಲಿ ತಗ್ಗಿಸಿದ್ನಿ. ಖರೇ. ಆಕಿ ಒಂದ್ ಹೆಸರೂ ಓದಲಿಲ್ಲ, ಇವರ ಕೈಪಟ್ಟೀನೂ ನೋಡಲಿಲ್ಲ. ನಾ ಎದಕ್ಕೂ ಹೂಂ ಅಂದಿಲ್ರಿ."

ಡಾಕ್ಟರಮ್ಮ ಬರೆದುಕೊಳ್ಳತೊಡಗಿದರು. ದೌಲತರಾಯನ ಮುಖ ಬಿಗಿಯಿತು, ಆದರೆ ದನಿ ಮೆತ್ತಗೇ ಇತ್ತು. ಪಾಪ, ಆಕೆಗೆ ತಲೆ ನಿಂತಿಲ್ಲ, ನಿದ್ದೆಯಿಲ್ಲದ ಹೆಣ್ಣುಮಗಳು ಎಂದ. ನಿನ್ನ ಅತ್ತಿಗೆಯನ್ನು ಹೊರಗೆ ಗಾಳಿಗೆ ಕೂರಿಸೆಂದು ಸಿದ್ದರಾಮೇಶನಿಗೆ ಕಣ್ಣು ಮಾಡಿದ.

ಸಿದ್ದರಾಮೇಶ ಒಳಗೆ ಬಂದು ಅವಳ ರಟ್ಟೆ ಹಿಡಿದ. "ವೈನಿ, ನಡೀರಿ. ಅಣ್ಣನ್ನ ಇವರು ನೋಡ್ಕೋತಾರ."

ಹಣಮವ್ವ ಮಷೀನಿನ ಮೇಲಿದ್ದ ದೌಲತರಾಯನ ಕೈ ನೋಡಿದಳು. ಮೈದುನನ ಕೈಯಿಂದ ರಟ್ಟೆ ಬಿಡಿಸಿಕೊಂಡು ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಲ್ಲಿ ಹಿಡಿದಳು.

"ನಾ ಹೊರಗ ಬರಂಗಿಲ್ಲ," ಎಂದಳು.