ಕೋಟೆಯ ಕೆಳಗಿನ ಅಜ್ಜಿ

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಆಲ್ಟೆನ್‌ಮೋಸ್ ಐಸ್ ಹಾಕಿ ಕ್ಲಬ್ಬಿನ ಕ್ರೀಡಾ ನಿರ್ದೇಶಕ ಕ್ವಿರಿನ್ ಹಾಲ್‌ಹೂಬರ್ ತನ್ನ ತಂಡದ ಡಿಫೆಂಡರ್ ವೀಟುಸ್ ಡಾಂಡ್ಲ್‌ನನ್ನು ಕೆಲಸದಿಂದ ತೆಗೆದ.

ಫೋನಿನಲ್ಲಲ್ಲ, ಎದುರಿಗೆ ನಿಂತೇ ಹೇಳಿದ. ಅಭ್ಯಾಸ ಮುಗಿದು ಐಸ್ ನಯ ಮಾಡುವ ಯಂತ್ರ ಅಂಗಣಕ್ಕೆ ಇಳಿಯುವ ಗೇಟಿನ ಪಕ್ಕದಲ್ಲಿ ವೀಟುಸ್ ಇನ್ನೂ ಹೆಲ್ಮೆಟ್ಟಿನ ಪಟ್ಟಿ ಬಿಚ್ಚುತ್ತಿದ್ದ. ಪತ್ರಿಕೆಗೆ ಅಭ್ಯಾಸದ ವರದಿ ಬರೆಯಲು ಹೋಗಿದ್ದ ನಾನು ಎರಡು ಸಾಲು ಹಿಂದೆ ಕುಳಿತಿದ್ದೆ. ಖಾಲಿ ಕ್ರೀಡಾಂಗಣದಲ್ಲಿ ಪಿಸುಮಾತೂ ಕೇಳುತ್ತದೆ.

ವೀಟುಸ್ ಕೇಳಿದ್ದು ಒಂದೇ ಪ್ರಶ್ನೆ. “ಯಾರ ಅಜ್ಜಿ ಈ ಸಲ?”

“ಬ್ರಾನಿಗನ್ ಅಂತ ಹುಡುಗ. ಅವನ ಅಮ್ಮನ ಅಮ್ಮ.”

“ಎಲ್ಲಿಯವರಂತೆ?”

“ಇಲ್ಲಿಯವರೇ ಕಣೋ. ಫೋನಲ್ಲಿ ಮಾತಾಡಿದ್ರೆ ನಿಮ್ಮಜ್ಜಿ ಮಾತಾಡಿದ ಹಾಗೇ ಇತ್ತು. ಏನ್ ಮಾಡ್ಲಿ ಮಾರಾಯ, ಅಧ್ಯಕ್ಷರು ನನ್ನ ಕತ್ತಿನ ಮೇಲೆ ಕೂತಿದಾರೆ.”

“ನೀನಿನ್ನೇನೂ ಮಾಡ್ಬೇಡ. ಮಾಡೋದೆಲ್ಲ ಮಾಡಿ ಆಯ್ತಲ್ಲ” ಎಂದು ವೀಟುಸ್ ಒಳಗೆ ಹೋದ.

ನಮ್ಮ ಲೀಗಿನಲ್ಲಿ ಒಂದು ಪಂದ್ಯಕ್ಕೆ ನಾಲ್ಕೇ ಮಂದಿ ವಿದೇಶಿ ಆಟಗಾರರನ್ನು ಇಳಿಸಬಹುದು. ಆದರೆ ಕೆನಡಾದ ಹುಡುಗನಿಗೆ ಜರ್ಮನ್ ಅಜ್ಜಿಯೊಬ್ಬಳಿದ್ದು, ಆ ಎಳೆ ಹಿಡಿದು ಪಾಸ್‌ಪೋರ್ಟ್ ಸಿಕ್ಕರೆ ಅವನು ವಿದೇಶಿಯಲ್ಲ, ಜರ್ಮನ್. ಹಾಗಾಗಿ ಇಲ್ಲಿನ ಪ್ರತಿಯೊಂದು ಕ್ಲಬ್ಬೂ ಅಜ್ಜಿಯರನ್ನು ಹುಡುಕುತ್ತದೆ. ಹುಡುಗ ಎಡಗೈ ಆಟಗಾರನೋ ಬಲಗೈಯವನೋ ಎಂದು ಕೇಳುವ ಮೊದಲು ಅಜ್ಜಿ ಎಲ್ಲಿಯವಳು ಎಂದು ಕೇಳುತ್ತದೆ.

ಈ ವಿಷಯದಲ್ಲಿ ಕ್ವಿರಿನ್‌ನಷ್ಟು ಕಹಿ ಉಂಡವನು ಊರಲ್ಲಿ ಇನ್ನೊಬ್ಬನಿಲ್ಲ. ಆಲ್ಟೆನ್‌ಮೋಸ್‌ನಲ್ಲೇ ಹುಟ್ಟಿ, ಹದಿನೆಂಟಕ್ಕೆ ವೃತ್ತಿಪರ ಆಟಗಾರನಾಗಿ, ರಾಷ್ಟ್ರೀಯ ತಂಡಕ್ಕೂ ಒಂಬತ್ತು ಸಲ ಆಡಿದವನು ಅವನು. ಮುಂದಿನ ನಾಲ್ಕು ಹಲ್ಲು ಅವನವಲ್ಲ. ಮೂವತ್ತಮೂರನೆಯ ವಯಸ್ಸಿಗೆ ಅವನ ಜಾಗಕ್ಕೆ ಬ್ರೆಮೆನ್ ಅಜ್ಜಿಯ ಮೊಮ್ಮಗನೊಬ್ಬ ಬಂದ. ಅವನಿಗೆ ಜರ್ಮನ್‌ನಲ್ಲಿ ‘ಡಾಂಕೆ’, ಅಂದರೆ ಧನ್ಯವಾದ, ಎನ್ನಲೂ ಬರುತ್ತಿರಲಿಲ್ಲ. ಆಗಿನ ನಿರ್ದೇಶಕ ಕ್ವಿರಿನ್‌ಗೆ ಈ ಸುದ್ದಿ ಹೇಳಿದ್ದು ಸಾಸೇಜ್ ಅಂಗಡಿಯ ಮುಂದೆ, ಬಾಯಲ್ಲಿ ತುತ್ತಿಟ್ಟುಕೊಂಡು. ಅಗಿಯುವುದನ್ನು ನಿಲ್ಲಿಸಲೂ ಇಲ್ಲ. ಆಮೇಲೆ ಕ್ವಿರಿನ್ ತರಬೇತುದಾರನ ಪರೀಕ್ಷೆ ಪಾಸು ಮಾಡಿದ, ಮಕ್ಕಳ ತಂಡ ನೋಡಿಕೊಂಡ, ಕೊನೆಗೆ ಅದೇ ನಿರ್ದೇಶಕನ ಕುರ್ಚಿಯಲ್ಲಿ ಕುಳಿತ. ಊರಿನ ಹುಡುಗರನ್ನು ತಾನು ಹಾಗೆ ಬೀದಿಗೆ ಹಾಕುವುದಿಲ್ಲ ಎಂದು ಮೊದಲ ದಿನವೇ ನನ್ನ ಪತ್ರಿಕೆಗೆ ಹೇಳಿದ್ದ. ನಾವು ಅದನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿದ್ದೆವು.

ಈ ಚಳಿಗಾಲ ತಂಡ ಕೆಳಗಿನಿಂದ ಎರಡನೆಯ ಸ್ಥಾನದಲ್ಲಿತ್ತು. ಅಧ್ಯಕ್ಷ ಲಿಯೊನ್‌ಹಾರ್ಡ್ ಪ್ರಾಂಟ್ಲ್ ಕಿಟಕಿ ತಯಾರಿಸುವ ಕಾರ್ಖಾನೆಯ ಮಾಲೀಕರು. ಕಿಟಕಿ ಸರಿಯಿಲ್ಲದಿದ್ದರೆ ಬದಲಾಯಿಸುತ್ತಾರೆ, ಆಟಗಾರನನ್ನೂ ಅಷ್ಟೆ. ಒಬ್ಬ ಬಂದರೆ ಒಬ್ಬ ಹೋಗಬೇಕು, ಹೋಗುವವನು ವೀಟುಸ್ ಎಂದು ಅವರೇ ತೀರ್ಮಾನಿಸಿದ್ದರು. ಮೂವತ್ತೆರಡು ವಯಸ್ಸು, ವೇಗ ಕಡಿಮೆ, ಇನ್ನೇನು ಎಂಬುದು ಅವರ ವಾದ. ವೀಟುಸ್‌ಗೆ ಸಣ್ಣ ಮಗಳಿದ್ದಾಳೆ, ಹೆಂಡತಿ ಇಲ್ಲೇ ಶಾಲೆಯಲ್ಲಿ ಪಾಠ ಹೇಳುತ್ತಾಳೆ. ಆಲ್ಟೆನ್‌ಮೋಸ್ ಬಿಟ್ಟರೆ ಅವನಿಗೆ ಉಳಿಯುವುದು ಮೂರನೆಯ ದರ್ಜೆಯ ಯಾವುದೋ ತಂಡ, ಇಲ್ಲವೇ ಬಡಗಿ ಕೆಲಸ. ಕ್ವಿರಿನ್ ಮೂರು ವಾರ ವಾದಿಸಿ, ಸೋತು, ಕನಿಷ್ಠ ಮುಖ ನೋಡಿ ಹೇಳುತ್ತೇನೆ ಎಂಬಲ್ಲಿಗೆ ಬಂದು ನಿಂತಿದ್ದ.

ಅದೇ ದಿನ ಮಧ್ಯಾಹ್ನ ಮೂರಕ್ಕೆ ಕ್ರೀಡಾಂಗಣದ ಊಟದ ಹಾಲಿನಲ್ಲಿ ಕಾಫಿ ಇಟ್ಟಿದ್ದರು. ಹುಡುಗ ಕೋಲ್ ಬ್ರಾನಿಗನ್ ಹಿಂದಿನ ದಿನ ಬಂದಿಳಿದಿದ್ದ. ಅವನ ಜೊತೆ ಎಂಬತ್ತರ ಅಂಚಿನ ಅಜ್ಜಿ ನೋಟ್‌ಬರ್ಗಾ, ಎಲ್ಲರ ಬಾಯಲ್ಲಿ ಬುರ್ಗಿ ಅಜ್ಜಿ. ಸಾಯುವ ಮೊದಲು ಇನ್ ನದಿಯನ್ನು ಇನ್ನೊಂದು ಸಲ ನೋಡಬೇಕು ಎಂದು ಅವರೂ ವಿಮಾನ ಹತ್ತಿದ್ದರು. ವಕೀಲರು ಮಗಳ ಕಾಗದ, ಮೊಮ್ಮಗನ ಕಾಗದ ಎಲ್ಲ ಜೋಡಿಸಿಟ್ಟಿದ್ದರು. ಅಜ್ಜಿಯ ಜನನ ಪ್ರಮಾಣಪತ್ರ ಒಂದು ಬಾಕಿ. ಅದನ್ನು ಅಂಚೆಗೆ ಹಾಕಲು ಅಜ್ಜಿ ಒಪ್ಪಿರಲಿಲ್ಲ. “ನಾನೇ ಬರ್ತಿರುವಾಗ ಅದೊಂದು ಮುಂಚೆ ಯಾಕೆ ಬರ್ಬೇಕು?” ಅಂದಿದ್ದರಂತೆ.

ಅಜ್ಜಿ ಬಾಯಿ ತೆರೆದ ಕೂಡಲೇ ಹಾಲಿನಲ್ಲಿದ್ದವರೆಲ್ಲ ಕರಗಿಹೋದರು. ಅರವತ್ತು ವರ್ಷ ಕೆನಡಾದಲ್ಲಿ ಕಳೆದರೂ ಮಾತು ಹಾಗೇ ಇತ್ತು. ನಮ್ಮ ಅಜ್ಜಿಯರು ಹೇಳುತ್ತಿದ್ದ, ನಾವು ಮರೆತೇ ಬಿಟ್ಟಿದ್ದ ಬೈಗುಳಗಳು ಅವರ ಬಾಯಿಂದ ಸಲೀಸಾಗಿ ಉದುರಿದವು.

“ಏ ಹುಡುಗಿ, ಈ ಕಾಫಿ ಮಾಡ್ದೋರು ಯಾರು? ಪಾತ್ರೆ ತೊಳೆದ ನೀರಿಗೆ ಇದಕ್ಕಿಂತ ಬಣ್ಣ ಇರತ್ತೆ.”

ಪ್ರಾಂಟ್ಲ್ ಮೇಜು ಕುಟ್ಟಿ ನಕ್ಕರು. “ಕೇಳಿಸ್ತಾ ಕ್ವಿರಿನ್? ಇದಕ್ಕಿಂತ ಸಾಕ್ಷಿ ಬೇಕಾ? ನಮ್ಮೂರ ಹೆಣ್ಣುಮಗಳು! ನಾನು ವಕೀಲರಿಗೆ ಅವತ್ತೇ ಹೇಳ್ದೆ, ಆಲ್ಟೆನ್‌ಮೋಸ್ ಅಂತಲೇ ಬರ್ಕೊಳ್ಳಿ ಅಂತ.”

ಸೇಬಿನ ಕೇಕು ಬಂತು. ಫೋಟೋ ತೆಗೆದಾಯಿತು. ನಾನು ವರದಿಗಾರ. ಹೆಸರು, ವಯಸ್ಸು, ಹುಟ್ಟಿದ ಸ್ಥಳ ಕೇಳದೆ ಎದ್ದು ಬಂದರೆ ಸಂಪಾದಕರು ವಾಪಸು ಕಳಿಸುತ್ತಾರೆ.

“ಅಜ್ಜಿ, ನೀವು ಹುಟ್ಟಿದ್ದು ಎಲ್ಲಿ?”

“ಇನ್ ದಡದಲ್ಲಿ, ಕೋಟೆಯ ಕೆಳಗೆ. ಇವರಿಗೆ ಫೋನಲ್ಲೇ ಹೇಳಿದ್ನಲ್ಲ.”

“ಹೌದು ಹೌದು. ನಮ್ಮ ಕೋಟೆ” ಎಂದರು ಪ್ರಾಂಟ್ಲ್.

“ಕೋಟೆಯ ಕೆಳಗೆ ಯಾವ ಬೀದಿ?” ಎಂದೆ.

ಅಜ್ಜಿ ಬೀದಿಯ ಹೆಸರು ಹೇಳಿದರು. ಆಲ್ಟೆನ್‌ಮೋಸ್‌ನಲ್ಲಿ ಆ ಹೆಸರಿನ ಬೀದಿ ಇಲ್ಲ. ಈಗ ಇಲ್ಲವೋ, ಆಗಲೂ ಇರಲಿಲ್ಲವೋ ಎಂದು ನಾನು ಯೋಚಿಸುತ್ತಿರುವಾಗ ಅಜ್ಜಿಯೇ ಮುಂದುವರಿಸಿದರು. “ರೈಲ್ವೆ ಸ್ಟೇಷನ್ನಿಂದ ಸೇತುವೆ ದಾಟಿದ್ರೆ ಎಡಕ್ಕೆ. ಕುಫ್‌ಶ್ಟೈನ್‌ನಲ್ಲಿ ಯಾರನ್ನ ಕೇಳಿದ್ರೂ ತೋರಿಸ್ತಾರೆ.”

ಕುಫ್‌ಶ್ಟೈನ್ ಕೂಡ ನಮ್ಮೂರಿನಂತೆ ಇನ್ ದಡದಲ್ಲೇ ಇದೆ. ಅಲ್ಲೂ ಕೋಟೆಯಿದೆ. ನಮ್ಮಿಂದ ರೈಲಿನಲ್ಲಿ ಅರ್ಧ ಗಂಟೆ. ಅಲ್ಲಿನವರ ಮಾತಿಗೂ ನಮ್ಮ ಮಾತಿಗೂ ಹೊರಗಿನವರು ವ್ಯತ್ಯಾಸ ಹೇಳಲಾರರು, ನಾವೂ ಹೇಳಲಾರೆವು ಎಂಬುದು ಅಂದು ಗೊತ್ತಾಯಿತು. ಮಧ್ಯೆ ಒಂದು ಗಡಿಯಿದೆ ಎಂಬುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿತ್ತು. ಕುಫ್‌ಶ್ಟೈನ್ ಇರುವುದು ಆಸ್ಟ್ರಿಯಾದಲ್ಲಿ.

ಕ್ವಿರಿನ್ ಕಪ್ಪನ್ನು ತಟ್ಟೆಯ ಮೇಲಿಟ್ಟ. “ಅಜ್ಜಿ, ನೀವು ಆಸ್ಟ್ರಿಯಾದವರಾ?”

“ಮತ್ತಿನ್ನೇನು, ಚೀನಾದವಳಾ?”

“ಫೋನಲ್ಲಿ ಹೇಳ್ಬಾರದಿತ್ತಾ?”

“ನೀನು ಕೇಳಿದ್ಯಾ ಮಗಾ? ನೀನು ಕೇಳಿದ್ದು, ಹುಡುಗನ ಮೊಣಕಾಲು ಚೆನ್ನಾಗಿದೆಯಾ, ನೀವು ಎಷ್ಟು ಚೆನ್ನಾಗಿ ಮಾತಾಡ್ತೀರಿ ಅಜ್ಜಿ, ಅಂತ. ಈ ದೊಡ್ಡ ಮನುಷ್ಯರು ಕೇಳಿದ್ದು, ಕ್ನೋಡೆಲ್ ಮಾಡೋಕೆ ಬರತ್ತಾ ಅಂತ. ಬರತ್ತೆ ಅಂದೆ.” ಕ್ನೋಡೆಲ್ ಎಂದರೆ ನಮ್ಮಲ್ಲಿ ಬ್ರೆಡ್ಡಿನ ಉಂಡೆ. ಅದನ್ನು ಮಾಡಲು ಬರುವುದು ಪೌರತ್ವಕ್ಕೆ ಆಧಾರವಲ್ಲ.

ಪ್ರಾಂಟ್ಲ್ ನನ್ನ ಕಡೆ ತಿರುಗಿದರು. “ನಿಮಗೆ ಯಾಕೆ ಸ್ವಾಮಿ ಬೀದಿ ಹೆಸರು? ಸುಮ್ನೆ ಕೇಕ್ ತಿನ್ನೋಕಾಗ್ತಿರ್ಲಿಲ್ವಾ?”

“ನಾಳೆ ಸರ್ಕಾರದವರು ಕೇಳ್ತಿದ್ರು” ಎಂದೆ.

“ನಾಳೆ ಅಲ್ವಾ ಕೇಳ್ತಿದ್ದದ್ದು!”

ಆಮೇಲೆ ಅವರಿಗೆ ಏನೋ ಹೊಳೆಯಿತು. ಮುಖ ಅರಳಿತು. “ಅಜ್ಜಿ ಹುಟ್ಟಿದ್ದು ಯಾವ ವರ್ಷ? ಮೂವತ್ತೊಂಬತ್ತಾ? ಹಾಗಾದ್ರೆ ಆಗ ಅದು ಜರ್ಮನಿಯೇ ಅಲ್ವಾ? ಮೂವತ್ತೆಂಟರಿಂದ ಆಸ್ಟ್ರಿಯಾ ನಮ್ಮದೇ ಇತ್ತಲ್ಲ!”

ಮೂವತ್ತೆಂಟು ಎಂದರೆ ನಾಜಿಗಳು ಆಸ್ಟ್ರಿಯಾವನ್ನು ಜರ್ಮನಿಗೆ ಸೇರಿಸಿಕೊಂಡ ವರ್ಷ. ನಮ್ಮೂರಿನಲ್ಲಿ ಕೆಲವು ವರ್ಷಗಳ ಹೆಸರನ್ನು ಕಾಫಿ ಕುಡಿಯುತ್ತಾ ಎತ್ತುವುದಿಲ್ಲ. ಎತ್ತಿದರೂ ಲಾಭದ ಲೆಕ್ಕದಲ್ಲಿ ಎತ್ತುವುದಿಲ್ಲ.

ಅಜ್ಜಿ ಫೋರ್ಕನ್ನು ಕೆಳಗಿಟ್ಟರು. “ಆ ಏಳು ವರ್ಷದಲ್ಲಿ ನಮ್ಮಪ್ಪ ಹೋದ. ಇಬ್ಬರು ಮಾವಂದಿರು ಹೋದ್ರು. ನಿಮ್ಮ ಹಾಕಿ ಟೀಮು ಆ ಏಳು ವರ್ಷದ ಮೇಲೆ ನಿಲ್ಲೋದಾದ್ರೆ ನನ್ನ ಮೊಮ್ಮಗ ಅದರಲ್ಲಿ ನಿಲ್ಲಲ್ಲ. ಕೋಲ್, ಕೋಟು ಹಾಕ್ಕೋ.”

ಕೋಲ್‌ಗೆ ಒಂದಕ್ಷರವೂ ಅರ್ಥವಾಗಿರಲಿಲ್ಲ. ಕೋಟು ಹಾಕಿಕೊಂಡ.

ಆ ಪೌರತ್ವವನ್ನು ಯುದ್ಧ ಮುಗಿದಾಗಲೇ ರದ್ದು ಮಾಡಲಾಗಿದೆ ಎಂದು ನಾನು ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಹೊರಗೆ ಕಾರಿಡಾರಿನಲ್ಲಿ ಕ್ವಿರಿನ್ ಗೋಡೆಗೆ ಹಣೆ ಒತ್ತಿ ನಿಂತಿದ್ದ. “ಹದಿನೈದು ವರ್ಷ ಆಡ್ದೆ. ರಬ್ಬರ್ ಪಕ್ ಬಂದು ಹಲ್ಲಿಗೆ ಬಡೀತು, ಸಹಿಸ್ಕೊಂಡೆ. ಈಗ ನೋಡು, ಅಜ್ಜಿ ಸರಿಯಾದ ದಡದಲ್ಲಿ ಹುಟ್ಟಿದಾಳಾ ಅಂತ ಕೇಳ್ಕೊಂಡು ಬದುಕ್ಬೇಕು. ಅದನ್ನೂ ಕೇಳೋಕೆ ಬರ್ಲಿಲ್ಲ ನಂಗೆ.”

“ವೀಟುಸ್?” ಎಂದೆ.

“ಮೂರು ಸಲ ಫೋನ್ ಮಾಡ್ದೆ. ಎತ್ತಲ್ಲ. ಎತ್ತಿ ಏನ್ ಹೇಳ್ತಾನೆ ಪಾಪ.”

ಫೋನ್ ಎತ್ತಲು ವೀಟುಸ್‌ನ ಕೈ ಖಾಲಿಯಿರಲಿಲ್ಲ. ತಂಡ ಬಿಡುವವನು ಉಳಿದವರಿಗೆ ಒಂದು ಕ್ರೇಟು ಬಿಯರ್ ಇಟ್ಟು ಹೋಗಬೇಕು. ತೆಗೆಸಿಕೊಂಡವನಿಗೂ ಅದರಿಂದ ವಿನಾಯಿತಿ ಇಲ್ಲ. ಕ್ರೇಟು ಹೊತ್ತುಕೊಂಡು ಅವನು ಅದೇ ಕಾರಿಡಾರಿನಲ್ಲಿ ಎದುರಾದ.

“ದಾರಿ ಬಿಡು ಕ್ವಿರಿನ್. ಭಾರ ಇದೆ.”

“ವೀಟುಸ್, ಅಜ್ಜಿ ಕುಫ್‌ಶ್ಟೈನ್‌ನವಳು.”

ವೀಟುಸ್ ಕ್ರೇಟು ನೆಲಕ್ಕಿಟ್ಟು, ಬಾಟಲಿಗಳು ಗಲಗಲ ಎನ್ನುವಂತೆ ಅದರ ಮೇಲೇ ಕುಳಿತು ನಕ್ಕ. ನಗು ನಿಂತಾಗ ಅವನ ಮುಖ ಬೇರೆಯಾಗಿತ್ತು.

“ಸೋಂಥಾಲ್‌ನವರ ಜೊತೆ ಮಾತಾಡಿದೀನಿ. ಮೂರನೇ ದರ್ಜೆ. ನಾಳೆ ಬೆಳಿಗ್ಗೆ ಹೇಳ್ತೀನಿ ಅಂದಿದೀನಿ.”

“ಹೇಳ್ಬೇಡ. ವಾಪಸ್ ಬಾ.”

“ಈ ವಾರ ಕುಫ್‌ಶ್ಟೈನ್. ಮುಂದಿನ ವಾರ ಇನ್ನೊಂದು ಅಜ್ಜಿ ಸಿಗ್ತಾಳೆ. ಆಗ ಮತ್ತೆ ನನ್ನನ್ನ ಆ ಗೇಟ್ ಹತ್ರ ನಿಲ್ಲಿಸ್ತೀಯ. ಮುಖ ನೋಡಿ ಹೇಳ್ದೆ ಅಂತ ನಿಂಗೆ ಸಮಾಧಾನ. ನನ್ನ ಮಗಳಿಗೆ ಅದ್ರಿಂದ ಏನು?”

ಕ್ವಿರಿನ್ ಉತ್ತರಿಸುವ ಮೊದಲು ಅವನ ಜೇಬಿನ ಫೋನು ಬಡಿದುಕೊಂಡಿತು. ಅಧ್ಯಕ್ಷರು. ಅವರ ದನಿ ಫೋನಿನಿಂದ ನಮಗೂ ಕೇಳುತ್ತಿತ್ತು. ಏಜೆಂಟ್ ಸಿಕ್ಕಿದ್ದಾನೆ, ಇನ್ನೊಬ್ಬ ಡಿಫೆಂಡರ್ ಇದ್ದಾನೆ, ಅವನ ಅಜ್ಜಿ ಕ್ಯೋನಿಗ್ಸ್‌ಬರ್ಗ್‌ನವಳು, ಇದು ಪಕ್ಕಾ.

“ಅದು ಈಗ ರಷ್ಯಾದಲ್ಲಿದೆ ಅಧ್ಯಕ್ಷರೇ” ಎಂದ ಕ್ವಿರಿನ್.

“ಆಗ ನಮ್ಮದಿತ್ತು!”

“ಈ ಅಜ್ಜಿಯನ್ನ ನೀವೇ ಮಾತಾಡಿಸಿ. ಬೀದಿ ಹೆಸರು ಕೇಳಿ, ಮರೀಬೇಡಿ” ಎಂದು ಕ್ವಿರಿನ್ ಫೋನ್ ಆರಿಸಿ ಜೇಬಿಗೆ ಹಾಕಿದ. ವೀಟುಸ್ ಕುಳಿತೇ ಇದ್ದ.

“ನೀನೇ ಹೇಳು. ಅವತ್ತು ಸಾಸೇಜ್ ಅಂಗಡಿ ಮುಂದೆ ನಿನ್ನನ್ನ ತೆಗೆದ್ರಲ್ಲ. ವಾಪಸ್ ಕರೆದಿದ್ರೆ ಬರ್ತಿದ್ದೆಯಾ?”

“ಒಂದು ವಾರ ಫೋನಿನ ಪಕ್ಕ ಕೂತಿದ್ದೆ” ಎಂದ ಕ್ವಿರಿನ್. “ಕರೆದಿದ್ರೆ ಚಪ್ಪಲಿ ಹಾಕದೆ ಓಡಿ ಬರ್ತಿದ್ದೆ.”

“ನಾನು ಓಡಿ ಬರಲ್ಲ. ಮುಂದಿನ ವರ್ಷಕ್ಕೂ ಸೇರಿಸಿ ಕೊಟ್ರೆ ನಡ್ಕೊಂಡು ಬರ್ತೀನಿ.”

ಮುಂದಿನ ವರ್ಷದ ಒಪ್ಪಂದಕ್ಕೆ ಕ್ರೀಡಾ ನಿರ್ದೇಶಕ ಅಧ್ಯಕ್ಷರನ್ನು ಕೇಳಿ ಸಹಿ ಮಾಡುವುದು ಕ್ಲಬ್ಬಿನ ರೂಢಿ. ಹಾಗೆಂದು ನಿಯಮದಲ್ಲಿ ಎಲ್ಲೂ ಬರೆದಿಲ್ಲ. ಕ್ವಿರಿನ್ ಕ್ರೇಟಿನ ಒಂದು ಹಿಡಿ ಹಿಡಿದ. “ಏಳು. ಆ ಕಡೆ ನೀನು ಹಿಡ್ಕೋ.”

ಇಬ್ಬರೂ ಕ್ರೇಟನ್ನು ಡ್ರೆಸಿಂಗ್ ರೂಮಿಗೆ ಒಯ್ದರು. ಕೆನಡಾದ ನಾಲ್ವರೂ ಸೇರಿ ಇಡೀ ತಂಡ ಅಲ್ಲಿತ್ತು. ವೀಟುಸ್ ಇನ್ನೂ ಒಂದು ವರ್ಷ ಇಲ್ಲೇ ಇರುತ್ತಾನೆ, ಇವತ್ತೇ ಸಹಿ ಮಾಡುತ್ತೇನೆ ಎಂದು ಕ್ವಿರಿನ್ ಎಲ್ಲರ ಎದುರು ಹೇಳಿದ. ಅಜ್ಜಿಯ ಕಥೆಯನ್ನು ವೀಟುಸ್ ಹೇಳಿದ. ಗೋಲ್‌ಕೀಪರ್ ನಗುತ್ತ ಬೆಂಚಿನಿಂದ ಕೆಳಗೆ ಜಾರಿದ. ತಂಡ ಬಿಡದವನು ಬಿಯರ್ ಯಾಕೆ ಕೊಡಬೇಕು ಎಂಬ ಚರ್ಚೆ ಎದ್ದಿತು. ಕ್ರೇಟು ಖಾಲಿಯಾಗುವವರೆಗೂ ಅದು ಇತ್ಯರ್ಥವಾಗಲಿಲ್ಲ.

ಐದು ಗಂಟೆಗೆ ಕ್ವಿರಿನ್ ಆಫೀಸಿನಲ್ಲಿ ಸಹಿ ಮಾಡಿದ. ಐದೂಕಾಲಿಗೆ ಪ್ರಾಂಟ್ಲ್ ಬಂದು ಬಾಗಿಲು ಬಡಿದರು. ಹೊರಗಿನಿಂದ ಕೇಳಿದ ಮಾತುಗಳಲ್ಲಿ ಅಚ್ಚು ಹಾಕುವಂಥದ್ದು ಒಂದೇ ಇತ್ತು, “ಇದನ್ನ ನಾನು ಮರೆಯಲ್ಲ.”

ಶುಕ್ರವಾರ ವೀಟುಸ್ ಆಡಿದ. ಆಲ್ಟೆನ್‌ಮೋಸ್ 4–3ರಿಂದ ಸೋತಿತು. ಎದುರಾಳಿಗಳ ಎರಡು ಗೋಲು ಬಂದಾಗ ವೀಟುಸ್ ಐಸ್ ಮೇಲಿದ್ದ. ಬುರ್ಗಿ ಅಜ್ಜಿ ಅಷ್ಟರಲ್ಲಿ ಮೊಮ್ಮಗನೊಡನೆ ಕುಫ್‌ಶ್ಟೈನ್ ರೈಲು ಹತ್ತಿಯಾಗಿತ್ತು. ಮಾರ್ಚ್ ಕೊನೆಯ ವಾರ ತಂಡ ಹೇಗೋ ಲೀಗಿನಲ್ಲಿ ಉಳಿದುಕೊಂಡಿತು.

ಏಪ್ರಿಲ್ ಹನ್ನೊಂದರಂದು ಕ್ಲಬ್ಬಿನ ಮಂಡಳಿ ಕ್ವಿರಿನ್ ಹಾಲ್‌ಹೂಬರ್‌ನನ್ನು ಹುದ್ದೆಯಿಂದ ತೆಗೆಯಿತು. ಅವನಿಗೆ ಯಾರೂ ಎದುರಿಗೆ ಹೇಳಲಿಲ್ಲ, ಫೋನಿನಲ್ಲೂ ಹೇಳಲಿಲ್ಲ. ಪ್ರತಿಕ್ರಿಯೆ ಕೇಳಲು ನಾನು ಕರೆ ಮಾಡಿದಾಗಲೇ ಅವನಿಗೆ ಗೊತ್ತಾದದ್ದು. ವೀಟುಸ್‌ನ ಒಪ್ಪಂದವನ್ನು ಅವರು ಮುರಿಯಬಹುದೇ ಎಂದು ಕೇಳಿದ. ಮಂಡಳಿ ವಕೀಲರನ್ನು ಕೇಳಿತ್ತು, ಆಗುವುದಿಲ್ಲ ಎಂಬ ಉತ್ತರ ಬಂದಿತ್ತು. ಅದನ್ನು ಅವನಿಗೆ ತಿಳಿಸಿದೆ.

ಸೆಪ್ಟೆಂಬರಿನಲ್ಲಿ ಹೊಸ ಸೀಸನ್ನಿನ ಮೊದಲ ಪಂದ್ಯಕ್ಕೆ ವೀಟುಸ್ ಡಾಂಡ್ಲ್ ತಂಡದಲ್ಲಿದ್ದ.